ಕಿವಿ ಕತ್ತರಿಸಿದ ಕರಡಿಗಳು

ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಪಂಚಾಕ್ಷರಪ್ಪನ ಮಗಳು ವಾಣಿಶ್ರೀಗೆ ಹುಟ್ಟಿನಿಂದಲೇ ಬಲಗಣ್ಣು ಮೂಗಿನ ಕಡೆ ವಾಲಿತ್ತು. ಬಳ್ಳಾರಿಯ ಡಾಕ್ಟರಿಗೆ ತೋರಿಸುವಷ್ಟರಲ್ಲಿ ತಡವಾಗಿತ್ತು. ಕಣ್ಣು ನೆಟ್ಟಗಾಯಿತು, ಆದರೆ ನೋಡುವುದನ್ನು ಕಲಿಯಲಿಲ್ಲ. ಒಂದೇ ಕಣ್ಣಿನವರಿಗೆ ದೂರ ಹತ್ತಿರದ ಅಂದಾಜು ಸಿಗುವುದು ಕಷ್ಟ. ತಂಬಿಗೆಯ ನೀರು ಲೋಟದ ಆಚೆ ಬೀಳುತ್ತಿತ್ತು, ಇಲ್ಲದ ಮೆಟ್ಟಿಲಿಗೆ ಕಾಲಿಟ್ಟು ಮುಗ್ಗರಿಸುತ್ತಿದ್ದಳು. ಮೆಳ್ಳೆಗಣ್ಣು ಹೋದರೂ ಓಣಿಯ ಹುಡುಗರು ಇಟ್ಟ ‘ಮೆಳ್ಳಿ’ ಎನ್ನುವ ಹೆಸರು ಹೋಗಲಿಲ್ಲ. ಆ ಹೆಸರಿಗೆ ಅವಳು ಅತ್ತದ್ದಿಲ್ಲ. ಕೂಗಿದವರ ಮುಖಗಳನ್ನು ನೆನಪಿಟ್ಟುಕೊಳ್ಳುತ್ತಿದ್ದಳು, ಅಷ್ಟೇ. ಆ ಗುಣ ಅವಳಲ್ಲಿ ಮೊದಲಿನಿಂದಲೂ ಇತ್ತು.

ಜಗತ್ತು ಕಾಗದದಂತೆ ಚಪ್ಪಟೆಯಾಗಿ ಕಂಡವಳಿಗೆ, ಚಪ್ಪಟೆ ಕಾಗದ ಉಳಿದವರನ್ನು ಹೇಗೆ ಮೋಸ ಮಾಡುತ್ತದೆ ಎನ್ನುವುದು ಬೇಗ ತಿಳಿಯಿತು. ಎರಡು ಗೆರೆ ದೂರ ಹೋಗುತ್ತಾ ಹತ್ತಿರವಾದರೆ ನೋಡುವವರಿಗೆ ಅದು ದಾರಿ. ಒಂದು ಬದಿ ಕಪ್ಪಾದರೆ ಅದು ಗುಂಡಿ. ಹೈಸ್ಕೂಲಿನಲ್ಲಿ ರೇಖಾಗಣಿತ ಬಂದಾಗ ಹಸಿದವಳಂತೆ ಅದರ ಮೇಲೆ ಬಿದ್ದಳು. ಊರಿನಲ್ಲೇ ಗಣಿತ ತೆಗೆದುಕೊಂಡು ಬಿಎಸ್ಸಿ ಮುಗಿಸಿದಳು. ಆಮೇಲೆ ಹಟ ಹಿಡಿದು ಬಳ್ಳಾರಿಗೆ ಹೋಗಿ ಚಿತ್ರಕಲೆಯ ಡಿಪ್ಲೊಮಾಕ್ಕೆ ಸೇರಿದಳು. ಅಲ್ಲಿ ಸಿಕ್ಕವನು ಗುರುಶಾಂತ, ಹಗರಿಬೊಮ್ಮನಹಳ್ಳಿಯವನು. ಅವನ ಗೆರೆ ಬಹಳ ಚೆಂದ. ಕೈ ಎತ್ತದೆ ಎತ್ತಿನ ಬೆನ್ನು ಬರೆಯುತ್ತಿದ್ದ. ಮಾತೂ ಚೆಂದ. ಲೆಕ್ಕ ಮಾತ್ರ ಅವನಿಗೆ ಹತ್ತುತ್ತಿರಲಿಲ್ಲ.

ಇಬ್ಬರೂ ಸೇರಿ ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಎದುರು ಅಂಗಡಿ ತೆರೆದರು. ಲಗ್ನಪತ್ರಿಕೆ, ಫ್ಲೆಕ್ಸು, ಅಂಗಡಿಗಳ ಬೋರ್ಡು ಹೊಟ್ಟೆಪಾಡಿಗೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ವಾಣಿಶ್ರೀ ತನ್ನ ಚಿತ್ರಗಳಿಗೆ ಕೂರುತ್ತಿದ್ದಳು. ಹತ್ತುತ್ತಲೇ ಹೋದರೂ ಮತ್ತೆ ಮೊದಲ ಮೆಟ್ಟಿಲಿಗೇ ತಂದು ಸೇರಿಸುವ ಬಾವಿ. ಒಮ್ಮೆ ಉಬ್ಬಿದಂತೆ, ಕಣ್ಣು ಮಿಟುಕಿಸಿದರೆ ತಗ್ಗಿದಂತೆ ಕಾಣುವ ಗೋಡೆ. ಒಂದು ಕುರಿಯ ಕಾಲ ಸಂದಿನ ಖಾಲಿ ಜಾಗವೇ ಇನ್ನೊಂದು ಕುರಿಯಾಗಿ, ಎಲ್ಲೂ ಸಂದಿಲ್ಲದೆ ಹಾಳೆ ತುಂಬುವ ಹಿಂಡು. ಆಕಾರ ಅವಳದು, ಲೆಕ್ಕ ಅವಳದು. ಕೊನೆಯಲ್ಲಿ ಕೆಲವಕ್ಕೆ ಗುರುಶಾಂತ ಮಸಿಯಲ್ಲಿ ಗೆರೆ ತೀಡುತ್ತಿದ್ದ.

ಗುರುಶಾಂತನೇ ಓಡಾಡಿ ಹೊಸಪೇಟೆಯಲ್ಲಿ ಆ ಚಿತ್ರಗಳ ಪ್ರದರ್ಶನ ಏರ್ಪಡಿಸಿದ. ವಾಣಿಶ್ರೀ ತಂದೆಯನ್ನು ಕರೆದುಕೊಂಡು ಹೋದಳು. ಪಂಚಾಕ್ಷರಪ್ಪ ಆವತ್ತು ಮಗಳ ಸಲುವಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಒಳಗೆ ಹೋಗಿ ನೋಡಿದರೆ ಪ್ರತಿ ಚಿತ್ರದ ಕೆಳಗೂ ಒಂದೇ ಹೆಸರು: ಗುರುಶಾಂತ. ಏನೋ ತಪ್ಪಾಗಿದೆ ಎಂದುಕೊಂಡು ಅವಳು ಅವನತ್ತ ನಡೆದಳು. ಅವನ ಸುತ್ತ ಪತ್ರಿಕೆಯವರು ನಿಂತಿದ್ದರು. ಅವರಲ್ಲೊಬ್ಬ, “ಇವರೂ ನಿಮ್ಮ ಜೋಡಿ ಕೆಲಸ ಮಾಡ್ತಾರಲ್ಲರಿ, ಇವರೇನು ಮಾಡ್ತಾರ?” ಎಂದು ಕೇಳಿದ.

ಗುರುಶಾಂತ ನಗುತ್ತಾ ಅವಳ ಹೆಗಲ ಮೇಲೆ ಕೈಯಿಟ್ಟ. “ಪಾಪ, ಆಕಿಗೆ ಒಂದ ಕಣ್ಣರಿ. ಆಳ ಕಾಣಂಗಿಲ್ಲ. ಇಂಥವು ಬರೀಲಿಕ್ಕ ಎಲ್ಲಿ ಆಗತೈತಿ? ಬಣ್ಣ ತುಂಬ್ತಾಳ. ಭಾಳ ಶಿಸ್ತಿನ ಹುಡುಗಿ.”

ಎಲ್ಲರೂ ಅವಳ ಕಣ್ಣು ನೋಡಿದರು. ಚಿತ್ರಗಳನ್ನಲ್ಲ, ಅವಳ ಕಣ್ಣನ್ನು. ಹಿಂದೆ ನಿಂತಿದ್ದ ಪಂಚಾಕ್ಷರಪ್ಪ, “ಲೇ, ಅವೆಲ್ಲಾ ನನ್ನ ಮಗಳು ಬರದದ್ದು” ಎಂದು ಕೂಗಿದ. ಯಾರೋ ಅವನನ್ನು ಮೆತ್ತಗೆ ಹೊರಗೆ ಕರೆದುಕೊಂಡು ಹೋದರು. ಇಸ್ತ್ರಿ ಅಂಗಿಯ ತಂದೆಯ ತೋಳನ್ನು ಇನ್ನೊಬ್ಬ ಹಿಡಿದು ಬಾಗಿಲ ಕಡೆ ನಡೆಸಿದ್ದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ತನಗಾದ ಅವಮಾನವನ್ನಾದರೂ ಒಂದು ದಿನ ನುಂಗುತ್ತಿದ್ದಳೇನೋ. ಇದನ್ನು ನುಂಗಲಾಗಲಿಲ್ಲ.

ಗುರುಶಾಂತ ಮತ್ತೆ ಅಂಗಡಿಗೆ ಬರಲಿಲ್ಲ. ಹರಪನಹಳ್ಳಿಯಲ್ಲಿ ಸ್ವಂತ ಸ್ಟುಡಿಯೋ ಮಾಡಿದ. ಹೋಟೆಲಿನ ಗೋಡೆ, ಶಾಲೆಯ ಕಾಂಪೌಂಡು, ದೊಡ್ಡವರ ಮನೆಯ ವರಾಂಡ, ಎಲ್ಲ ಕಡೆ ಅವನ ಕೆಲಸ ಎದ್ದಿತು. ವಾಣಿಶ್ರೀ ಅಂಗಡಿ ಒಬ್ಬಳೇ ನಡೆಸಿದಳು. ಆನ್‌ಲೈನಿನಲ್ಲಿ ತನ್ನದೊಂದು ಪುಟ ತೆರೆದು, ತಾನು ಬರೆದದ್ದನ್ನು ಎಲ್ಲರೂ ನೋಡುವಂತೆ ಅದರಲ್ಲಿ ಹಾಕತೊಡಗಿದಳು. ಬೆಂಗಳೂರು, ಪುಣೆಯಿಂದ ಕೆಲಸ ಬರತೊಡಗಿದವು. ಒಂದು ದಿನ ಹೂವಿನಹಡಗಲಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದುರಿನ ಹೊಸ ಬಟ್ಟೆ ಅಂಗಡಿಯ ಗೋಡೆ ಕಂಡಿತು. ಮಲ್ಲಿಗೆ ಮೊಗ್ಗುಗಳು ಒಂದರೊಳಗೊಂದು ಹೆಣೆದುಕೊಂಡು ಸುಳಿಯಾಗಿ ಒಳಗಿಳಿಯುವ ಚಿತ್ರ. ಹಿಂದಿನ ತಿಂಗಳು ಅವಳೇ ಬರೆದು ಪುಟದಲ್ಲಿ ಹಾಕಿದ್ದು. ಮೂಲೆಯಲ್ಲಿ ಗುರುಶಾಂತನ ಸಹಿ.

ಅವಳಿಗೆ ಸಿಟ್ಟು ಬರಲಿಲ್ಲ. ಸಂತೋಷವಾಯಿತು. ಮೈಯೆಲ್ಲ ಬಿಸಿಯಾಗುವಂಥ ಸಂತೋಷ. ಹಾಗಾದರೆ ಅವನು ಇನ್ನೂ ತನ್ನ ಕೈಯಿಂದಲೇ ಉಣ್ಣುತ್ತಿದ್ದಾನೆ. ಏನು ಬಡಿಸಬೇಕು ಎನ್ನುವುದು ತನಗೆ ಬಿಟ್ಟದ್ದು.

ಒಂದೇ ಅಚ್ಚಿನ ಬಿಲ್ಲೆಗಳನ್ನು ನಡುವಿನಿಂದ ಜೋಡಿಸುತ್ತ ಬಂದರೆ ಕೆಲವು ಸುತ್ತು ಸಂದಿಲ್ಲದೆ ಕೂತು, ಆಮೇಲೆ ಎಷ್ಟು ತಿರುಗಿಸಿದರೂ ಕೂರದ ಆಕಾರಗಳಿವೆ ಎನ್ನುವುದು ಗಣಿತದವರಿಗೆ ಮೊದಲಿನಿಂದ ಗೊತ್ತು. ಕಾಲೇಜಿನಲ್ಲಿ ಓದಿದ್ದು ಅವಳಿಗೆ ನೆನಪಿತ್ತು. ಆರು ಬದಿಯ ಒಂದು ಬಿಲ್ಲೆ ತೆಗೆದುಕೊಳ್ಳಿ. ಮೂರು ಬದಿಗೆ ಉಬ್ಬು, ಎರಡು ಬದಿಗೆ ತಗ್ಗು, ಉಳಿದದ್ದು ಸಪಾಟು. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂರಬೇಕು. ಆದರೆ ಪ್ರತಿ ಬಿಲ್ಲೆಯಲ್ಲೂ ಒಂದು ಉಬ್ಬು ಹೆಚ್ಚು. ಆರಂಭದಲ್ಲಿ ಆ ಹೆಚ್ಚಿನ ಉಬ್ಬುಗಳನ್ನು ಹೊರ ಅಂಚಿಗೆ ತಳ್ಳಬಹುದು. ಹಾಸು ದೊಡ್ಡದಾದಂತೆ ಅವು ಗುಂಪುಗುಂಪಾಗುತ್ತವೆ, ಅಂಚಿನಲ್ಲಿ ಜಾಗ ಸಾಲುವುದಿಲ್ಲ. ಮೂರು ಸುತ್ತಿನವರೆಗೆ ನಡೆಯುತ್ತದೆ. ನಾಲ್ಕನೆಯದಕ್ಕೆ ದಾರಿಯೇ ಇಲ್ಲ.

ಅದನ್ನು ಅವಳು ಕರಡಿ ಮಾಡಿದಳು. ತಾಯಿಯ ತವರು ಗುಡೇಕೋಟೆ. ರಜೆಗೆ ಅಲ್ಲಿಗೆ ಹೋದಾಗಲೆಲ್ಲ ಬಂಡೆಗಳ ಮೇಲಿನಿಂದ ಇಳಿಯುವ ಕರಡಿಗಳನ್ನು ಕಂಡು ಬೆಳೆದವಳು ವಾಣಿಶ್ರೀ. ಎರಡು ಕಿವಿ, ಒಂದು ಮೂತಿ ಉಬ್ಬಾದವು. ಕತ್ತು, ಹೊಟ್ಟೆ ತಗ್ಗಾದವು. ಬೆನ್ನು ಸಪಾಟು. ಹಗಲೆಲ್ಲ ತಿದ್ದಿ ತಿದ್ದಿ, ಕರಡಿಗಳು ಒಂದರ ಹೊಟ್ಟೆಗೊಂದು ಮೂತಿಯಿಟ್ಟು ಮಲಗಿದಂತೆ, ನೋಡುತ್ತಾ ನಿಂತರೆ ಇಡೀ ಹಿಂಡು ಉಸಿರಾಡುವಂತೆ ಕಾಣುವ ಹಾಗೆ ಬಣ್ಣ ಕೂರಿಸಿದಳು. ಅಷ್ಟು ಒಳ್ಳೆಯ ಚಿತ್ರ ಅವಳು ಹಿಂದೆಂದೂ ಬರೆದಿರಲಿಲ್ಲ. ದ್ವೇಷಕ್ಕೆ ಅಂಥ ಏಕಾಗ್ರತೆ ಇರುತ್ತದೆ ಎಂದು ಅವಳಿಗೇ ಆಶ್ಚರ್ಯ. ಮೂರು ಸುತ್ತಿನೊಳಗೇ ಒಂದು ಚೌಕ ಕತ್ತರಿಸಿ ಪುಟದಲ್ಲಿ ಹಾಕಿದಳು. ನೋಡಿದವರಿಗೆ ಅದು ಎಲ್ಲ ದಿಕ್ಕಿಗೂ ಹೀಗೇ ಹೋಗುತ್ತದೆ ಅನ್ನಿಸಬೇಕು. ಕೆಳಗೆ ಬರೆದಳು: ‘ನೆಲಕ್ಕೆ ಹಾಸಿದರೆ ಎಷ್ಟು ಚೆಂದ!’

ಆಮೇಲೆ ಕಾದಳು. ಬೇಸಿಗೆ ಹೋಯಿತು, ಮಳೆಗಾಲವೂ ಮುಗಿಯುತ್ತ ಬಂತು. ಒಂದು ಮುಂಜಾನೆ ಫೋನು ಬಂತು.

“ವಾಣಿ, ನಾನು ಗುರುಶಾಂತ.” ದನಿಯಲ್ಲಿ ಹಳೆಯ ಸಕ್ಕರೆ ಇತ್ತು, ಸ್ವಲ್ಪ ತೇವವಾಗಿತ್ತು. “ಚಲೋ ಅದಿ? ಅಪ್ಪಾರು ಅರಾಮದಾರ?”

“ಏನಾಗಬೇಕಿತ್ತು?”

“ಇಲ್ಲೊಂದು ಕಲ್ಯಾಣ ಮಂಟಪದ್ದು ಕೆಲಸ ಹಿಡದೀನಿ. ನಡುಅಂಗಳಕ್ಕ ಕರಡಿ ಟೈಲ್ಸ್. ಅಚ್ಚು ಮಾಡಿಸಿ ಪೂರಾ ಮಾಲು ಎರಕ ಹೊಯ್ಸೀನಿ. ನಡುವಿಂದ ಹಾಕ್ಕೋಂತ ಬಂದ್ವಿ, ಒಂದಿಷ್ಟು ಚಲೋ ಕುಂತ್ವು. ಈಗ ಒಂದೂ ಕೂಡವಲ್ದು. ಮೇಸ್ತ್ರಿಗೆ ಬುದ್ಧಿ ಇಲ್ಲ. ನೀ ಒಮ್ಮೆ ಬಂದು ನೋಡ್ತೀಯಾ?”

“ಬರ್ತೀನಿ” ಎಂದಳು ವಾಣಿಶ್ರೀ. ಮಂಡಕ್ಕಿ ಚೀಲ ಹೊಲಿಯುತ್ತಿದ್ದ ಪಂಚಾಕ್ಷರಪ್ಪ ಅವಳ ಮುಖ ನೋಡಿ, “ಎಲ್ಲಿಗವ್ವಾ?” ಎಂದ. “ಹರಪನಹಳ್ಳಿಗೆ ಹೋಗಿ ಬರ್ತೀನಪ್ಪ, ಒಂದು ಕೆಲಸ ಐತಿ” ಎಂದು ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದಳು.

ಮಂಟಪದ ಅಂಗಳದ ನಡುವೆ ಕರಡಿಗಳು ದುಂಡಗೆ ಮಲಗಿದ್ದವು. ನಿಜವಾಗಿಯೂ ಉಸಿರಾಡುವಂತೆ ಕಂಡವು. ಅದರಾಚೆ ಬರೀ ಮರಳು, ಗೋಡೆಗೆ ಒರಗಿಸಿಟ್ಟ ಟೈಲ್ಸಿನ ರಾಶಿ. ತಂಬ್ರಹಳ್ಳಿಯಿಂದ ಬಂದ ಮೇಸ್ತ್ರಿ ಮೌನೇಶ್ ಮೊಣಕಾಲೂರಿ ಒಂದು ಕರಡಿಯನ್ನು ತಿರುಗಿಸಿ ತಿರುಗಿಸಿ ಇಡುತ್ತಿದ್ದ. ಮಂಟಪದ ಟ್ರಸ್ಟಿನ ಅಧ್ಯಕ್ಷ ಎರ್ರೆಪ್ಪ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮುಂದಿನ ವಾರ ಮೊದಲ ಲಗ್ನ ಇತ್ತು. ಜನ ಬಂದು ಬಂದು ನೋಡಿ ಹೋಗುತ್ತಿದ್ದರು.

ಗುರುಶಾಂತ ಅವಳನ್ನು ಪಕ್ಕಕ್ಕೆ ಕರೆದ. “ಹೇಳು, ಎಲ್ಲಿ ತಪ್ಪೈತಿ?”

“ಹೇಳ್ತೀನಿ. ಮೊದಲು ನೀ ಒಂದು ಹೇಳು. ಎಲ್ಲರ ಎದುರಿಗೆ, ಜೋರಾಗಿ. ಇದು ಯಾರು ಬರದದ್ದು? ಹೊಸಪ್ಯಾಟಿಯೊಳಗಿದ್ದವು ಯಾರು ಬರದದ್ದು?”

ಅವನ ಮುಖ ಬಿಳಿಚಿತು. ಒಮ್ಮೆ ಎರ್ರೆಪ್ಪನ ಕಡೆ ನೋಡಿದ, ಒಮ್ಮೆ ಮರಳಿನ ಕಡೆ. “ಹಳೇದೆಲ್ಲಾ ಯಾಕ ಈಗ? ಲಗ್ನ ಬಂದೈತಿ ವಾಣಿ, ನನ್ನ ಮರ್ಯಾದಿ…”

“ನನ್ನಪ್ಪನ ತೋಳು ಹಿಡದು ಹೊರಗ ಹಾಕಿದಾಗ ಮರ್ಯಾದಿ ಎಲ್ಲಿತ್ತು?”

ಗುರುಶಾಂತ ಅಂಗಳದ ನಡುವೆ ಬಂದು, “ಯಜಮಾನ್ರ, ಈ ಚಿತ್ರ ಇವರದು. ಕೊಟ್ಟೂರು ವಾಣಿಶ್ರೀ ಅಂತ. ನನ್ನ ಹೆಸರಿನ ಮ್ಯಾಲೆ ಇರಾವು ಭಾಳಷ್ಟು ಇವರವೇ ಅದಾವು” ಎಂದ. ಜನ ಪಿಸುಗುಟ್ಟಿದರು. ಅವನ ಕಿವಿ ಕೆಂಪಾಗಿದ್ದವು.

ವಾಣಿಶ್ರೀ ಆ ಮಾತನ್ನು ಪೂರ್ತಿ ಒಳಗಿಳಿಸಿಕೊಂಡಳು.

“ಈಗ ಹೇಳು” ಎಂದ ಅವನು.

“ತಪ್ಪೇನೂ ಇಲ್ಲ. ಇದು ಇಷ್ಟೇ. ಮುಂದ ಹೋಗಂಗಿಲ್ಲ. ಯಾರು ಕುಂತ್ರೂ ಹೋಗಂಗಿಲ್ಲ, ನಾ ಕುಂತ್ರೂ ಹೋಗಂಗಿಲ್ಲ.”

“ಅಂದ್ರ? ಮತ್ತ ನನ್ನ ಕಡಿಂದ ಯಾಕ ಅನ್ಸಿದಿ?”

“ಅನ್ನಬೇಕಿತ್ತು, ಅಂದಿ. ಅದಕ್ಕೂ ಇದಕ್ಕೂ ಸಂಬಂಧ ಐತಿ ಅಂತ ನಾ ಎಲ್ಲಿ ಹೇಳೀನಿ?”

“ಬೇಕಂತ ಮಾಡೀ.”

“ಹೌದು. ನೀ ಕದೀತಿ ಅಂತ ಗೊತ್ತಿತ್ತು. ಆಳ ಕಾಣೋ ಎರಡು ಕಣ್ಣು ಅದಾವಲ್ಲ ನಿನಗ, ನೋಡ್ಕೋಬೇಕಿತ್ತು.”

ಗುರುಶಾಂತ ಟೈಲ್ಸಿನ ರಾಶಿಯ ಮೇಲೆ ಕೂತುಬಿಟ್ಟ. ಆ ಹೊತ್ತಿಗೆ ಅವಳಿಗಾದ ತೃಪ್ತಿಯನ್ನು ಅವಳು ಈಗಲೂ ಮುಚ್ಚಿಡುವುದಿಲ್ಲ. ಬಾಯಾರಿದಾಗ ಹೊಸ ಮಡಕೆಯ ನೀರು ಕುಡಿದಂತಿತ್ತು, ಎನ್ನುತ್ತಾಳೆ.

ಅಷ್ಟರಲ್ಲಿ ಎರ್ರೆಪ್ಪ ಎದ್ದು ಬಂದರು. “ಅವನು ನಿಂಗೆ ಮೋಸ ಮಾಡಿದ್ದು ಖರೇನೇ ಇರಬಹುದು ತಾಯಿ. ನಾವೇನು ಮಾಡಿದ್ವಿ? ಬಂದ ಬೀಗರಿಗೆ ಮರಳು ತೋರಿಸ್ಲಾ?”

“ನಾ ನನ್ನ ಪುಟದೊಳಗ ನನ್ನ ಚಿತ್ರ ಹಾಕೀನ್ರಿ. ಯಾರಿಗೂ ಕೊಟ್ಟಿಲ್ಲ” ಎಂದಳು. ಮಾತು ಸುಳ್ಳಲ್ಲ. ಆದರೂ ಎರ್ರೆಪ್ಪನ ಕಣ್ಣಿಗೆ ಕಣ್ಣಿಟ್ಟು ಹೇಳಲಾಗಲಿಲ್ಲ.

ಅವಳು ಬಾಗಿಲು ದಾಟುವಾಗ ಮೌನೇಶ್ ಹಿಂದೆ ಬಂದ. ಅವನ ಬೆರಳ ತುದಿಗಳು ಸಿಮೆಂಟಿಗೆ ಒಡೆದಿದ್ದವು. “ಅಕ್ಕಾರ, ನಿಮ್ಮಿಬ್ಬರ ಜಗಳದಾಗ ನನ್ನನ್ಯಾಕ ತಂದ್ರಿ? ಮಂದಿ ಎದುರಿಗೆ ದಿನಾ ಬಾಯಿಗೆ ಬಂದಂಗ ಬೈದಾನ. ಕೆಲಸ ಬರಂಗಿಲ್ಲ ಅಂತ ಊರೆಲ್ಲಾ ಹೇಳ್ಯಾನ. ನನಗೂ ಹಂಗ ಅನಿಸಾಕ ಹತ್ತಿತ್ತು, ಕೈಯಾಗಿನ ಕಸಬು ಹೋತು ಅಂತ.”

ಎಲ್ಲ ಲೆಕ್ಕ ಹಾಕಿದ್ದ ವಾಣಿಶ್ರೀ, ಟೈಲ್ಸ್ ಹಾಸುವವನು ಒಬ್ಬ ಮನುಷ್ಯ ಇರುತ್ತಾನೆ ಎಂದು ಲೆಕ್ಕ ಹಾಕಿರಲಿಲ್ಲ. ತಿರುಗಿ ಒಳಗೆ ಹೋದಳು. ನಿಂತಿದ್ದವರಿಗೆಲ್ಲ ಕೇಳುವಂತೆ, “ಈ ಮೇಸ್ತ್ರಿದು ಏನೂ ತಪ್ಪಿಲ್ಲ. ಇವರ ಜಾಗದಾಗ ಯಾರಿದ್ದರೂ ಇಷ್ಟೇ ಆಗತಿತ್ತು” ಎಂದು ಹೇಳಿ ಬಂದಳು. ಮೌನೇಶ್‌ನ ಮುಖವೇನೂ ಅರಳಲಿಲ್ಲ.

ಬೇರೆ ಟೈಲ್ಸ್ ತರಿಸಲು ವೇಳೆ ಇರಲಿಲ್ಲ. ಗುರುಶಾಂತ ಕಟಿಂಗ್ ಮಷಿನ್ ತರಿಸಿ ಹೊರಗಿನ ಕರಡಿಗಳ ಕಿವಿ, ಮೂತಿ ಕೊಯ್ಯಿಸಿ ಹೇಗೋ ಅಂಗಳ ತುಂಬಿಸಿದ. ನಡುವೆ ಚೆಂದದ ಕರಡಿಗಳು, ಸುತ್ತ ಮೂಗು ಕಿವಿ ಇಲ್ಲದವು. ಲಗ್ನಕ್ಕೆ ಬಂದ ಮಕ್ಕಳೇ ಮೊದಲು ನಕ್ಕದ್ದು. ವರ್ಷ ತುಂಬುವುದರೊಳಗೆ ಆ ಮಂಟಪಕ್ಕೆ ಇಟ್ಟಿದ್ದ ದೇವರ ಹೆಸರು ಹೋಗಿ ‘ಕಿವುಡ ಕರಡಿ ಛತ್ರ’ ಎನ್ನುವ ಹೆಸರು ನಿಂತಿತು. ಆಟೋದವರೂ ಹಾಗೇ ಕರೆಯುತ್ತಾರೆ. ಗುರುಶಾಂತನಿಗೆ ಸುತ್ತಮುತ್ತ ಕೆಲಸ ಕೊಡುವವರಿಲ್ಲವಾಗಿ ಸ್ಟುಡಿಯೋ ಮುಚ್ಚಿ ಹಗರಿಬೊಮ್ಮನಹಳ್ಳಿಗೆ ಮರಳಿದ. ಈಗ ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಾನೆ.

ಸುದ್ದಿ ಕೇಳಿದ ದಿನ ಪಂಚಾಕ್ಷರಪ್ಪ, “ಸಾಕಿನ್ನ ಬಿಡವ್ವಾ. ಅವನ ಗೆರಿ ಚಲೋ ಇತ್ತು, ಪಾಪ” ಎಂದ.

“ನಿಮ್ಮ ತೋಳು ಹಿಡದು ಹೊರಗ ಹಾಕಿದಾಗ ಯಾರರ ಪಾಪ ಅಂದ್ರೇನು?” ಎಂದು ಅವಳು ಎದ್ದು ಹೋದಳು. ತಂದೆಗಾಗಿ ಮಾಡಿದ್ದನ್ನು ತಂದೆಯೇ ಬೇಡವೆಂದದ್ದು ಅವಳಿಗೆ ಇನ್ನೂ ಅರ್ಥವಾಗಿಲ್ಲ.

ಹೋದ ವರ್ಷ ಮಾಗಳದಲ್ಲಿ ಹೊಳೆ ಕಡೆ ಮುಖ ಮಾಡಿದ ಒಂದು ಹೊಸ ಮನೆಯ ಪಡಸಾಲೆಗೆ ನೆಲ ಬರೆಯುವ ಕೆಲಸ ಅವಳಿಗೆ ಬಂತು. ಮೀನುಗಳು ತಿರುಗುತ್ತಾ ತಿರುಗುತ್ತಾ ನೆಲವೇ ನೀರಾಗಿ ಇಳಿದಂತೆ ಕಾಣುವ ಹಾಸು. ಹಾಸಲು ಮೌನೇಶ್‌ನನ್ನೇ ಕರೆಸಿದಳು. ಬರುತ್ತಾನೋ ಇಲ್ಲವೋ ಎಂಬ ಅನುಮಾನವಿತ್ತು. ಬಂದ. ಚಹಾ ಕುಡಿದ. ಚಿತ್ರವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ ಕೇಳಿದ: “ಅಕ್ಕಾರ, ಇದು ಕಡೀತನಕ ಹೋಗತೈತಿ ಹೌದಲ್ಲ?”

“ಹೋಗತೈತಿ ಮೌನೇಶಣ್ಣ. ಇದು ಎಷ್ಟು ದೂರಕ್ಕಾದ್ರೂ ಹೋಗತೈತಿ. ನನ್ನ ಮಾತು ನಂಬು.”

ಅವನು ತಲೆಯಾಡಿಸಿದ. ಆದರೆ ಸಿಮೆಂಟು ಕಲಸಲಿಲ್ಲ. ಅಂಗಳದ ಮಣ್ಣನ್ನು ಸಮ ಮಾಡಿ, ಇಡೀ ಪಡಸಾಲೆಯ ಟೈಲ್ಸನ್ನು ಮೊದಲು ಅಲ್ಲಿ ಒಣದಾಗಿ ಜೋಡಿಸುತ್ತಾ ಹೋದ. ಬಿಸಿಲೇರಿತು. ವಾಣಿಶ್ರೀ ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು, ರಾಶಿಯಿಂದ ಒಂದೊಂದೇ ಮೀನು ತೆಗೆದು ಅವನ ಕೈಗೆ ಕೊಡುತ್ತಾ ನಿಂತಳು.