ಹರಿಯದ ಪುಸ್ತಕ ಮತ್ತು ಗೋಂದಕ್ಕನ ಗುಮಾನಿ

ಓದುಗರು ಕೈಯಲ್ಲಿರುವ ಲೋಟ ಕೆಳಗಿಟ್ಟು ಕೇಳಬೇಕಾದ ಸುದ್ದಿಯೊಂದಿದೆ. ಈ ದಿನ ಬೆಳಗಿನ ಗೋಂದು ತುಸು ತೆಳ್ಳಗಾಗಿದೆ.

ಬೀದಿದೀಪಗಳು ಇನ್ನೂ ಆರಿಲ್ಲ. ಸಾರ್ವಜನಿಕ ಗ್ರಂಥಾಲಯದ ಹಿಂಬದಿಯಲ್ಲಿ, ಜನರೇಟರಿಗೂ ಕೈತೊಳೆಯುವ ತೊಟ್ಟಿಗೂ ನಡುವೆ ಸಿಕ್ಕಿಕೊಂಡಂತಿರುವ ಕೋಣೆಯಲ್ಲಿ ಕರೆಂಟಿನ ಒಲೆ ಕೆಂಪಗಾಗಿದೆ. ಅದರ ಮೇಲಿನ ಪಾತ್ರೆಯಲ್ಲಿ ಮೈದಾ ಹಿಟ್ಟು, ನೀರು, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ. ಸೌಟು ತಿರುವುತ್ತಿರುವ ಹೆಂಗಸು ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಒತ್ತಿ, ಎಳೆದು, ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತಾರೆ. ಎಳೆ ಬೇಗ ಕಡಿಯುತ್ತದೆ.

“ಅಂಗಡಿಯವನು ಹಿಟ್ಟಿಗೆ ಏನೋ ಬೆರೆಸಿದ್ದಾನೆ. ನಿನ್ನೆ ಚೀಲ ಕೊಡುವಾಗ ನನ್ನ ಮುಖಾನೇ ನೋಡ್ಲಿಲ್ಲ. ಆಗ್ಲೇ ಅನ್ಕೊಂಡೆ.”

ಅಂಗಡಿಯವನ ವಿರುದ್ಧ ಇರುವ ಸಾಕ್ಷ್ಯ ಇಷ್ಟೇ. ಗೋಂದಕ್ಕನಿಗೆ ಇಷ್ಟು ಧಾರಾಳ ಸಾಕು.

ಮನೆಯವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿದೆ, ಜನರ ಬಾಯಲ್ಲಿರುವುದು ಗೋಂದಕ್ಕ. ವಯಸ್ಸು ಐವತ್ನಾಲ್ಕು. ಇಪ್ಪತ್ತಾರು ವರ್ಷಗಳಿಂದ ಈ ಗ್ರಂಥಾಲಯದ ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ರಟ್ಟು ಕಟ್ಟಿ ಮತ್ತೆ ಕಪಾಟಿಗೆ ಕಳಿಸುತ್ತಿದ್ದಾರೆ. ಸಿಬ್ಬಂದಿ ಪಟ್ಟಿಯಲ್ಲಿ ಅವರ ಹುದ್ದೆ “ಇತರೆ”. ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣ. ವಿದ್ಯೆ ಕಲಿಸಿದವರು ಮಾವ. ಮುದ್ರಣಾಲಯವೊಂದರಲ್ಲಿ ದಬ್ಬಳ ಹಿಡಿದೇ ಮುದುಕರಾದವರು. ಮದುವೆಯಾಗಿ ಬಂದ ಮೂರನೇ ದಿನ ಸೊಸೆಯ ಕೈಗೆ ದಾರ ಕೊಟ್ಟು, “ಗಂಟು ಹಾಕೋದು ಸುಲಭ ಕಣಮ್ಮ, ಯಾರಿಗೂ ಕಾಣದ ಹಾಗೆ ಹಾಕೋದು ಕಷ್ಟ” ಅಂದರಂತೆ. ಅದು ಹೊಲಿಗೆಯ ಮಾತೋ ಸಂಸಾರದ ಮಾತೋ ಎಂಬ ಅನುಮಾನ ಗೋಂದಕ್ಕನಿಗೆ ಇವತ್ತಿಗೂ ಇದೆ. ಗಂಡ ಬ್ರೆಡ್ಡಿನ ವ್ಯಾನು ಓಡಿಸುತ್ತಾರೆ. ಒಬ್ಬಳೇ ಮಗಳು ದಾದಿಯ ತರಬೇತಿಯಲ್ಲಿದ್ದಾಳೆ.

ಎಂಟಕ್ಕೆ ಬಾಗಿಲು ತೆರೆಯುತ್ತದೆ. ಹಿಂದಿನ ದಿನ ವಾಪಸು ಬಂದ ಪುಸ್ತಕಗಳ ಬುಟ್ಟಿ ಗೋಂದಕ್ಕನ ಮೇಜಿಗೆ ಬರುತ್ತದೆ. ಅವರು ಮೊದಲು ಹಾಳೆ ಬಿಡಿಸುವುದಿಲ್ಲ. ಪುಸ್ತಕವನ್ನು ಮುಚ್ಚಿದಂತೆಯೇ ಹಿಡಿದು, ಹಾಳೆಗಳ ಅಂಚನ್ನು ಕಣ್ಣಿನ ಮಟ್ಟಕ್ಕೆ ತರುತ್ತಾರೆ. ಬೆರಳು ಓಡಾಡಿದ ಕಡೆ ಅಂಚು ಮಾಸಿರುತ್ತದೆ. ಎಲ್ಲಿಯವರೆಗೆ ಮಾಸಿದೆಯೋ ಅಲ್ಲಿಯವರೆಗೆ ಓದು.

“ಇದು ನೋಡು ತಮ್ಮಾ,” ಎಂದು ಕೌಂಟರಿನ ಗುಮಾಸ್ತನಿಗೆ ತೋರಿಸುತ್ತಾರೆ. “ಇಪ್ಪತ್ತು ಪುಟದ ತನಕ ಮನುಷ್ಯರು ಓಡಾಡಿದ್ದಾರೆ. ಆಮೇಲೆ ಹಾಲಿನಂಗೆ ಬೆಳ್ಳಗಿದೆ.”

“ಕೈ ತೊಳ್ಕೊಂಡು ಓದಿರಬಹುದಲ್ಲಕ್ಕಾ?”

“ಇಪ್ಪತ್ತನೇ ಪುಟಕ್ಕೆ ಎದ್ದು ಹೋಗಿ ತೊಳ್ಕೊಂಡು ಬಂದ್ನಾ? ಹೋಗೋ.”

ಈ ಗುಮಾನಿ ಅವರಿಗೆ ಮೊದಲಿನಿಂದಲೂ ಇದ್ದದ್ದೇ. ಅದು ಉದ್ಯೋಗದ ಪ್ರಶ್ನೆಯಾದದ್ದು ಮಾತ್ರ ಕಳೆದ ವರ್ಷ, ಗ್ರಂಥಾಲಯದ ಮುಂಬಾಗಿಲಲ್ಲಿ ಆಳೆತ್ತರದ ಹಲಗೆಯೊಂದು ಬಂದು ನಿಂತಾಗ. “ನನ್ನ ಓದಿನ ಗುರಿ, ನನ್ನ ಬಾಳಿನ ಕನಸು” ಎಂದು ಅದರ ನೆತ್ತಿಯಲ್ಲಿ ಬರೆದಿದೆ. ಪ್ರತಿ ಸದಸ್ಯರೂ ವರ್ಷಕ್ಕೆ ಎಷ್ಟು ಪುಸ್ತಕ ಓದುತ್ತೇನೆಂದು ಒಂದು ಚೀಟಿಯಲ್ಲಿ ಬರೆದು ಸಿಕ್ಕಿಸಬೇಕು. ಪಕ್ಕದಲ್ಲಿ ತಾವು ಬಯಸುವ ಬಾಳಿನ ಚಿತ್ರ ಅಂಟಿಸಬೇಕು. ಓದಿ ಮುಗಿಸಿದ ಪ್ರತಿ ಪುಸ್ತಕಕ್ಕೂ ತಮ್ಮ ಕಾರ್ಡಿನಲ್ಲಿ ಒಂದು ಸಾಲಿನ ಅಭಿಪ್ರಾಯ ಬರೆಯಬೇಕು. ದಿನಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ ಆ ಬಾಳನ್ನು ಕಣ್ಣಾರೆ ಕಂಡರೆ ಅದು ಬಂದೇ ಬರುತ್ತದೆ ಎಂದು ಮೇಡಂ, ಅಂದರೆ ಗ್ರಂಥಾಲಯದ ಮುಖ್ಯಸ್ಥೆ, ಉದ್ಘಾಟನೆಯ ದಿನ ಹೇಳಿದರು. ಕಣ್ಣು ಮುಚ್ಚಿ ಕಣ್ಣಾರೆ ಕಾಣುವುದು ಹೇಗೆಂದು ಯಾರೂ ಕೇಳಲಿಲ್ಲ. ಚಪ್ಪಾಳೆ ತಟ್ಟಿದರು.

ಹಲಗೆ ಒಂದೇ ವಾರದಲ್ಲಿ ತುಂಬಿತು. ಈಜುಕೊಳವಿರುವ ಮನೆಗಳು, ಹಿಮದ ಬೆಟ್ಟಗಳು, ಬಿಳಿ ಕಾರುಗಳು. ಒಬ್ಬರು ಹಲ್ಲಿನ ಜಾಹೀರಾತಿನಿಂದ ಬರೀ ನಗುವನ್ನು ಕತ್ತರಿಸಿ ಅಂಟಿಸಿದ್ದರು. ಗುರಿಗಳೂ ಏರಿದವು: ಇಪ್ಪತ್ತು, ಐವತ್ತು, ಎಪ್ಪತ್ತೈದು. ವಿಮೆ ಕಂಪನಿಯ ತರುಣ ಅಧಿಕಾರಿಯೊಬ್ಬರು ನೂರಾನಾಲ್ಕು ಎಂದು ಬರೆದರು. ಅಂದಿನಿಂದ ಗೋಂದಕ್ಕನ ಬಾಯಲ್ಲಿ ಅವರ ಹೆಸರೇ ನೂರಾನಾಲ್ಕು. ಹಲಗೆಯ ಕೆಳಮೂಲೆಯ ಚೀಟಿಯೊಂದರಲ್ಲಿ ಮಾತ್ರ “ಒಂದು” ಎಂದಿತ್ತು, ಚಿತ್ರವೂ ಇರಲಿಲ್ಲ. ಅದು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಹಿರಿಯರೊಬ್ಬರದು. ಆ ಒಂದನ್ನೂ ಅವರು ಎರಡು ತಿಂಗಳು ಇಟ್ಟುಕೊಂಡು, ನಾಲ್ಕು ಸಲ ಅವಧಿ ಮುಂದೂಡಿಸಿದರು.

“ಮೇಜಿನ ಕಾಲು ಮೋಟಾಗಿರ್ಬೇಕು, ಅದಕ್ಕೆ ಕೊಟ್ಟಿದ್ದಾನೆ,” ಎಂದು ಗೋಂದಕ್ಕ ತೀರ್ಪು ಕೊಟ್ಟಿದ್ದರು.

ಸಿಬ್ಬಂದಿಗೂ ಫಾರಂ ಬಂತು. ಗೋಂದಕ್ಕ ಮುಟ್ಟಲಿಲ್ಲ. “ಬರ್ಕೊಟ್ರೆ ನಾಳೆ ಕೇಳ್ತಾರೆ. ಕೇಳೋಕೇ ಬರ್ಸ್ಕೊಳ್ಳೋದು.” ಮಗಳು ಮನೆಯ ಬೀರುವಿನ ಬಾಗಿಲಿಗೆ ಸಮುದ್ರದ ಚಿತ್ರ ಅಂಟಿಸಿಕೊಂಡು, “ಅಮ್ಮಾ, ನೀನೂ ಕಣ್ಮುಚ್ಚಿ ಕೂತು ನಿನ್ನ ಲೈಫು ಹೆಂಗಿರ್ಬೇಕು ಅಂತ ನೋಡು” ಎಂದು ಪುಸಲಾಯಿಸಿದಳು.

“ನೋಡ್ದೆ.”

“ಏನ್ ಕಾಣ್ಸ್ತು?”

“ನಿದ್ದೆ ಬಂತು.”

ಹಲಗೆ ಬಂದ ಮೇಲಿನ ಅಂಕಿಅಂಶ ಕೇಳಿದರೆ ಯಾರಾದರೂ ಹಿಗ್ಗಬೇಕು. ಮೊದಲು ದಿನಕ್ಕೆ ತೊಂಬತ್ತು ಪುಸ್ತಕ ಹೊರಹೋಗುತ್ತಿದ್ದವು, ಈಗ ಇನ್ನೂರ ಹತ್ತು. ಮೊದಲು ರಿಪೇರಿಗೆ ದಿನಕ್ಕೆ ಇಪ್ಪತ್ತೆರಡು ಬರುತ್ತಿದ್ದವು, ಈಗ ಏಳು. ಮೇಡಂ ಹಿಗ್ಗಿದರು. ಜನರಿಗೆ ಪುಸ್ತಕದ ಮೇಲೆ ಪ್ರೀತಿ ಹುಟ್ಟಿದೆ, ಜೋಪಾನ ಮಾಡುತ್ತಿದ್ದಾರೆ ಎಂದು ವರದಿ ಬರೆದರು.

“ಪ್ರೀತಿ ಹುಟ್ಟಿದ್ರೆ ಹರೀಬೇಕು ಮೇಡಂ,” ಎಂದರು ಗೋಂದಕ್ಕ. “ಮಕ್ಕಳ ಬಟ್ಟೆ ನೋಡಿ. ಇಷ್ಟದ್ದೇ ಮೊದ್ಲು ಹರಿಯೋದು.”

ಮೇಡಂ ನಕ್ಕರು. ನಕ್ಕು, ದಿನಕ್ಕೆ ಏಳು ಪುಸ್ತಕಕ್ಕೆ ಒಂದು ಕೋಣೆ, ಒಂದು ಹುದ್ದೆ ಬೇಕೇ ಎಂದು ಮೇಲಿನವರು ಕೇಳುತ್ತಿದ್ದಾರೆಂದರು. ಹಿಂಬದಿಯ ಕೋಣೆಗೆ ತಿಳಿನೀಲಿ ಬಣ್ಣ ಬಳಿದು, ಮೆತ್ತನೆಯ ಕುರ್ಚಿಗಳನ್ನು ಹಾಕಿ, ಸದಸ್ಯರು ಕಣ್ಣು ಮುಚ್ಚಿ ಕೂರುವ “ಕನಸಿನ ಕೋಣೆ” ಮಾಡುವ ಯೋಚನೆ ಇದೆಯೆಂದರು. “ನಿಮ್ಮನ್ನ ಬೇರೆಲ್ಲಾದ್ರೂ ಹೊಂದಿಸ್ತೀವಿ, ಯೋಚ್ನೆ ಮಾಡ್ಬೇಡಿ.”

“ಹೊಂದಿಸೋದು ಅಂದ್ರೆ ಏನು ಅಂತ ನಂಗೊತ್ತು,” ಎನ್ನುತ್ತಾರೆ ಗೋಂದಕ್ಕ, ದಬ್ಬಳಕ್ಕೆ ದಾರ ಪೋಣಿಸುತ್ತಾ. “ಹಳೇ ಪುಸ್ತಕಾನೂ ಮೊದ್ಲು ಒಂದು ಮೂಲೇಲಿ ಹೊಂದಿಸ್ತಾರೆ. ಆಮೇಲೆ ತೂಕಕ್ಕೆ ಹಾಕ್ತಾರೆ.” ಐವತ್ನಾಲ್ಕನೇ ವಯಸ್ಸಿನಲ್ಲಿ ಬೇರೆ ಯಾರೂ ಕೇಳದ ವಿದ್ಯೆಯನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಬಣ್ಣದವನು ಬಂದು ಗೋಡೆಯ ಅಳತೆ ತೆಗೆದುಕೊಂಡೂ ಹೋದ. ಮೂರು ಸಲ ಅಳೆದ. ಮೂರು ಸಲವೂ ಗೋಂದಕ್ಕ ಅಳತೆಪಟ್ಟಿಯ ಇನ್ನೊಂದು ತುದಿಯನ್ನೇ ದಿಟ್ಟಿಸುತ್ತಿದ್ದರು.

ಇಷ್ಟರಲ್ಲಿ, ಕಳೆದ ತಿಂಗಳ ಒಂದು ಬೆಳಿಗ್ಗೆ, ಟಿಕೆಟ್ ತಪಾಸಣೆಯ ಹಿರಿಯರು ತಮ್ಮ ಆ ಒಂದೇ ಪುಸ್ತಕವನ್ನು, ದಪ್ಪ ಕಾದಂಬರಿಯೊಂದನ್ನು, ಕೌಂಟರಿನ ಮೇಲೆ ದೊಪ್ಪೆಂದು ಹಾಕಿದರು. ಒಂದು ಕುಟುಂಬದ ನಾಲ್ಕು ತಲೆಮಾರಿನ ಕಥೆ.

“ಅಜ್ಜ ಏನಾದ?” ಎಂದು ಕೇಳಿದರು.

ಗುಮಾಸ್ತ ತಬ್ಬಿಬ್ಬಾದ. “ಯಾರ ಅಜ್ಜ ಸಾರ್?”

“ನೂರಾ ನಲವತ್ತೊಂದನೇ ಪುಟದಲ್ಲಿ ಅಜ್ಜ ಕೆಮ್ಮುತ್ತಾ ಔಷಧಿ ಕೇಳ್ತಾನೆ. ಹಾಳೆ ತಿರುವಿದ್ರೆ ನೂರಾ ನಲವತ್ನಾಲ್ಕು. ಮೊಮ್ಮಗ ಅಜ್ಜನ ಕೋಟು ಹಾಕ್ಕೊಂಡು ಪೇಟೇಲಿ ಓಡಾಡ್ತಿದ್ದಾನೆ. ನಡುವೆ ಎರಡು ಪುಟ ಎಲ್ಲಿ? ನಂಗೆ ಆ ಮೊಮ್ಮಗನ ಮೇಲೆ ಮೊದಲಿಂದ್ಲೂ ಡೌಟು.”

“ಮುಂದೆ ಓದಿದ್ರೆ ಗೊತ್ತಾಗ್ತಿತ್ತಲ್ಲ ಸಾರ್.”

“ಹಿಂದಿನ ಸ್ಟಾಪಿನ ಲೆಕ್ಕ ಸರಿಹೋಗ್ದೆ ನಾನು ಮುಂದಿನ ಸ್ಟಾಪಿಗೆ ಹೋಗಲ್ಲಪ್ಪ. ದೂರಿನ ಪುಸ್ತಕ ಕೊಡಿ.”

ಹನ್ನೆರಡು ನಿಮಿಷ ಬರೆದರು. ಮೇಡಂ ಬಂದರು, ಗೋಂದಕ್ಕನನ್ನು ಕರೆಸಿದರು. ಗೋಂದಕ್ಕ ಪುಸ್ತಕ ಎತ್ತಿ ಹಾಳೆಗೆ ಬೆರಳು ತಾಗಿಸಿದರು. ಹಾಳೆ ದಪ್ಪಗಿತ್ತು. ಹರಿದ ಪುಟದ ಮೇಲೆ ತೆಳುಕಾಗದ ಅಂಟಿಸಿದಾಗ ಎದುರು ಪುಟಕ್ಕೆ ಗೋಂದು ಹತ್ತದಿರಲೆಂದು ನಡುವೆ ಮೇಣದ ಕಾಗದ ಇಡಬೇಕು. ಇಟ್ಟು, ಭಾರ ಹೇರಿ, ಮರುದಿನ ತೆಗೆಯಬೇಕು. ಇಪ್ಪತ್ತಾರು ವರ್ಷ ಅವರು ಅದನ್ನು ಮರೆತವರಲ್ಲ. ಇಲ್ಲಿ ಮರೆತಿದ್ದಾರೆ. ಎರಡು ಪುಟಗಳು ಒಂದೇ ಹಾಳೆಯಂತೆ ಬೆಸೆದುಕೊಂಡು, ಇಲ್ಲವೇ ಇಲ್ಲವೆಂಬಷ್ಟು ನೀಟಾಗಿವೆ. ಕೈಗುಣ ಅಷ್ಟು ಚೆನ್ನಾಗಿದೆ.

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲವೆಂದಲ್ಲ. ಅಚ್ಚಿನ ದೋಷ ಎನ್ನಬಹುದಿತ್ತು. ಈ ಯಜಮಾನರೇ ಚಹಾ ಚೆಲ್ಲಿ ನಾಟಕ ಆಡುತ್ತಿದ್ದಾರೆ ಎನ್ನಬಹುದಿತ್ತು. ನಾಲಗೆಯ ತುದಿಗೆ ಅದು ಬಂದೂ ಇತ್ತು. ಆದರೆ ಹಿಂಬದಿಯ ರಟ್ಟಿನ ಒಳಗೆ, ತಾವೇ ಪೆನ್ಸಿಲಿನಲ್ಲಿ ಬರೆದ ರಿಪೇರಿಯ ತಾರೀಕು ಕಣ್ಣಿಗೆ ಬಿತ್ತು. ಅದರ ಎದುರಿನ ಚೀಟಿಯಲ್ಲಿ, ಆ ತಾರೀಕಿನ ನಂತರ, ವಾಪಸಾತಿಯ ಮೊಹರುಗಳು. ಒಂದು, ಎರಡು, ಮೂರು... ಹನ್ನೊಂದು. ಈ ಹಿರಿಯರಿಗಿಂತ ಮೊದಲು ಹನ್ನೊಂದು ಜನ ಇದನ್ನು ಒಯ್ದಿದ್ದಾರೆ. ಒಬ್ಬರೂ ಅಜ್ಜನನ್ನು ವಿಚಾರಿಸಿಲ್ಲ. ಆ ಹನ್ನೊಂದು ಜನರನ್ನು ಕಟಕಟೆ ಹತ್ತಿಸಬೇಕಾದರೆ ಮೊದಲು ತಾವು ಹತ್ತಬೇಕು.

“ತಪ್ಪು ನಂದು ಮೇಡಂ,” ಎಂದರು. “ಮೇಣದ ಕಾಗದ ಇಡೋದು ಮರೆತೆ. ಯಾವತ್ತು ಮರೆತೆ ಅಂತ ಇಲ್ಲೇ ಬರೆದಿದೆ. ಆವತ್ತಿಂದ ಹನ್ನೊಂದು ಜನ ಓದಿದ್ದಾರೆ. ಅವರ ಕಾರ್ಡು ತರ್ಸಿ.”

ಕಾರ್ಡುಗಳು ಬಂದವು. ಹನ್ನೊಂದರಲ್ಲೂ ಈ ಕಾದಂಬರಿಯ ಮುಂದೆ “ಮುಗಿಸಿದೆ” ಎಂಬ ಗುರುತು. ಆರು ಜನ “ಅದ್ಭುತ” ಎಂದಿದ್ದರು. ಒಬ್ಬರ ಬದುಕನ್ನೇ ಅದು ಬದಲಿಸಿತ್ತು. ಮೇಡಂ ಸೋಲೊಪ್ಪುವವರಲ್ಲ, ನೂರಾನಾಲ್ಕರ ಕಾರ್ಡು ಎತ್ತಿ ಹಿಡಿದರು. “ನೋಡಿ ಇಲ್ಲಿ. ‘ಅಜ್ಜನ ಸಾವಿನ ದೃಶ್ಯ ಕಣ್ಣೀರು ತರಿಸಿತು.’ ಇವರು ಓದಿದ್ದಾರಲ್ಲ! ಪುಟ ಆಮೇಲೆ ಅಂಟಿರ್ಬೇಕು.”

ಗೋಂದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕೆಮ್ಮುವ ಅಜ್ಜ, ಮೊಮ್ಮಗನ ಮೈಮೇಲೆ ಅಜ್ಜನ ಕೋಟು. ಸತ್ತಿರಲೇಬೇಕು. ನೂರಾನಾಲ್ಕು ನಿಜವಾಗಿಯೂ ಓದಿದ್ದರೆ, ತಪ್ಪು ಒಪ್ಪಿಕೊಂಡದ್ದೂ ದಂಡ, ಕೋಣೆಯೂ ಹೋಯಿತು.

“ಬಿಡಿಸಿ ನೋಡೋಣ,” ಎಂದರು ಹಿರಿಯರು. “ಪ್ರಯಾಣಿಕನ ಮಾತು ಬೇಡ, ಟಿಕೆಟ್ ತೋರಿಸ್ಲಿ.”

ಹಿಂದಿನ ಕೋಣೆಯಲ್ಲಿ ಕೆಟಲು ಕುದಿಯಿತು. ಗೋಂದಕ್ಕ ಪುಟಗಳ ಅಂಚನ್ನು ಆವಿಗೆ ಹಿಡಿದರು. ಒದ್ದೆಯಾಗಬಾರದು, ಬೆವರಬೇಕು ಅಷ್ಟೇ. ಮೊಂಡು ಚಾಕುವಿನ ತುದಿಯನ್ನು ಒಳಗೆ ತೂರಿಸಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಆವಿ. ಮುಕ್ಕಾಲು ಗಂಟೆ ಹಿಡಿಯಿತು. ಮೇಡಂ ನಿಂತೇ ಇದ್ದರು. ಪುಟಗಳು ಸಣ್ಣ ನಿಟ್ಟುಸಿರಿನಂಥ ಸದ್ದು ಮಾಡಿ ಬೇರೆಯಾದವು. ಒಂದಕ್ಷರವೂ ಕಿತ್ತಿರಲಿಲ್ಲ. ಹಿರಿಯರು ಕನ್ನಡಕ ಏರಿಸಿ, ತುಟಿ ಅಲುಗಿಸುತ್ತಾ ಎರಡೂ ಪುಟ ಓದಿದರು. ಮತ್ತೊಮ್ಮೆ ಓದಿದರು.

“ಸತ್ತನಾ?” ಎಂದರು ಗೋಂದಕ್ಕ.

“ಇಲ್ಲ ಕಣಮ್ಮ,” ಎಂದ ಹಿರಿಯರ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು. “ಔಷಧಿ ಕುಡ್ದ. ಹುಷಾರಾದ. ಚೆನ್ನಾಗಿ ಉಂಡು ದಪ್ಪ ಆದ. ಕೋಟಿನ ಗುಂಡಿ ಹಾಕೋಕಾಗ್ದೆ ಮೊಮ್ಮಗನಿಗೆ ಕೊಟ್ಟ. ಅಷ್ಟೇ.”

ಮೇಡಂ ನೂರಾನಾಲ್ಕರ ಕಾರ್ಡನ್ನು ಮೆಲ್ಲನೆ ಮಡಚಿ ಜೇಬಿಗಿಟ್ಟುಕೊಂಡರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಆಡಳಿತದ ಮೊದಲ ಪಾಠ. ಅಜಾಗರೂಕತೆಗಾಗಿ ಗೋಂದಕ್ಕನಿಗೆ ಲಿಖಿತ ಎಚ್ಚರಿಕೆ ಬಂತು. ವರದಿಯಿಂದ “ಪ್ರೀತಿ” ಎಂಬ ಪದ ಹೋಯಿತು. ಹಲಗೆ ಅಲ್ಲೇ ನಿಂತಿದೆ, ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಎಷ್ಟು ಜನ ಎಂಬುದು ಒಂದೇ ವಾರದಲ್ಲಿ ಗೊತ್ತಾಯಿತು. ಎಪ್ಪತ್ತೈದು ಮೂವತ್ತಾಯಿತು, ಐವತ್ತು ಹನ್ನೆರಡಾಯಿತು. ನೂರಾನಾಲ್ಕರ ಚೀಟಿ ಒಂದು ಬೆಳಿಗ್ಗೆ ಮಾಯವಾಗಿ, ಅದರ ಜಾಗದಲ್ಲಿ “ಒಂಬತ್ತು” ಎಂಬ ಪುಟ್ಟ ಚೀಟಿ ಹುಟ್ಟಿತು. ಈಜುಕೊಳದ ಮನೆಗಳನ್ನು ಮಾತ್ರ ಯಾರೂ ತೆಗೆದಿಲ್ಲ.

ಜತೆಗೆ ಒಂದು ವದಂತಿ ಹಬ್ಬಿದೆ. ಹಿಂದಿನ ಕೋಣೆಯ ಹೆಂಗಸು ಓದುಗರನ್ನು ಹಿಡಿಯಲೆಂದೇ ಪ್ರತಿ ಪುಸ್ತಕದ ನಡುವೆ ಎಲ್ಲೋ ಎರಡು ಪುಟ ಅಂಟಿಸುತ್ತಾಳಂತೆ. ಈಗ ಸದಸ್ಯರು ಒಂದೊಂದು ಹಾಳೆಯನ್ನೂ ಎಳೆದು, ಊದಿ, ಬೆಳಕಿಗೆ ಹಿಡಿದು, ಪುಟಸಂಖ್ಯೆ ಎಣಿಸಿಕೊಂಡು ಓದುತ್ತಿದ್ದಾರೆ. ಪುಸ್ತಕಗಳ ಬೆನ್ನು ಬಿರಿಯುತ್ತಿದೆ.

“ಮರ್ತಿದ್ದು ಒಂದೇ ಒಂದ್ಸಲ,” ಎನ್ನುತ್ತಾರೆ ಗೋಂದಕ್ಕ, ಬುಟ್ಟಿಯಿಂದ ಮತ್ತೊಂದನ್ನು ಎತ್ತಿ ಅಂಚು ನೋಡುತ್ತಾ. “ಯಾರೂ ನಂಬಲ್ಲ. ನಂಬ್ದೇ ಇರ್ಲಿ ಬಿಡಿ. ಜನ ಅನುಮಾನದಿಂದ್ಲಾದ್ರೂ ಓದ್ಲಿ, ಓದಿ ಹರೀಲಿ. ಹರಿದಿದ್ದನ್ನ ನೋಡ್ಕೊಳ್ಳೋಕೆ ನಾನಿದ್ದೀನಲ್ಲ.”

ಕೋಣೆಗೆ ಬಣ್ಣ ಬಳಿದಿಲ್ಲ. ಕಳೆದ ವಾರ ರಿಪೇರಿಗೆ ಬಂದ ಪುಸ್ತಕಗಳು ನೂರ ಮೂವತ್ತೊಂದು. ಗುತ್ತಿಗೆ ಒಂದು ವರ್ಷಕ್ಕೆ ನವೀಕರಣವಾಗಿದೆ.