ಯಾರೂ ಒತ್ತದ ಬ್ರೇಕ್

ಬಸ್ರೂರಿನ ಆಚೆ ಹೊಳೆಗೆ ಇಳಿಯುವ ಮಣ್ಣಿನ ದಾರಿಯ ಪಕ್ಕದಲ್ಲಿ ನಮ್ಮ ಮನೆತನದ ಒಂದು ಸಣ್ಣ ಗುಡಿ ಇದೆ. ನಾನು ನಿಂತಿದ್ದದ್ದು ಅದರ ಕೆಳಗಿನ ಮೆಟ್ಟಿಲ ಮೇಲೆ, ಪಶ್ಚಿಮಕ್ಕೆ ಮುಖ ಮಾಡಿ. ಮಳೆಗಾಲ ಮುಗಿದಿತ್ತು, ಭಾನುವಾರದ ಸಂಜೆ, ಬಿಸಿಲು ಇನ್ನೂ ಚೆನ್ನಾಗಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಮೊದಲು ಕೇಳುತ್ತಿದ್ದದ್ದು ಇದನ್ನೇ: ನೀವು ಎಲ್ಲಿ ನಿಂತಿದ್ದಿರಿ, ಬೆಳಕಿತ್ತೇ? ಉತ್ತರ ತಡವರಿಸಿದರೆ ನಕ್ಕು ಸುಮ್ಮನಾಗುತ್ತಿದ್ದೆ.

ಆ ವಾರ ಬ್ರಹ್ಮಾವರದಲ್ಲಿ ಕಾರಿನ ಬ್ರೇಕ್ ರಿಪೇರಿ ಮಾಡಿಸಿದ್ದೆ. ಹಿಂದಿನ ಚಕ್ರಗಳಿಗೆ ಹೊಸ ಲೈನರ್ ಹಾಕಿದ ಮೆಕ್ಯಾನಿಕ್, "ಎರಡ್ ದಿನ ಹ್ಯಾಂಡ್‌ಬ್ರೇಕ್ ಎಳೂದ್ ಬ್ಯಾಡ ಮರಾಯ್ರೆ, ಕಚ್ಕಂತ್" ಎಂದಿದ್ದ. ನಮ್ಮ ಕಡೆ ಇದು ಹೊಸ ಮಾತಲ್ಲ. ಕಡಲ ಬದಿಯ ತೇವಕ್ಕೆ ಬ್ರೇಕ್ ಅಂಟಿಕೊಳ್ಳುತ್ತದೆಂದು ಮಳೆಗಾಲವಿಡೀ ಹ್ಯಾಂಡ್‌ಬ್ರೇಕ್ ಮುಟ್ಟದೆ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವವರು ಎಷ್ಟೋ ಮಂದಿ ಇದ್ದಾರೆ.

ರಿಪೇರಿಯಾದ ಮೇಲೂ ಪೆಡಲ್ ಸರಿಯಿರಲಿಲ್ಲ. ಒಮ್ಮೊಮ್ಮೆ ಮೆತ್ತಗೆ ಕೆಳಗಿಳಿಯುತ್ತಿತ್ತು, ಎರಡನೆಯ ಸಲ ಒತ್ತಿದಾಗ ಹಿಡಿಯುತ್ತಿತ್ತು. ಗುಡಿಯೆದುರು ಒಂದು ಕಾಯಿ ಒಡೆದರೆ ಸರಿಹೋಗುತ್ತದೆ ಎಂದು ನನ್ನ ದೊಡ್ಡಮ್ಮ ಪಟ್ಟು ಹಿಡಿದರು. ಅವರನ್ನೂ, ನನ್ನ ಹೆಂಡತಿಯ ಅಣ್ಣ ರಾಘವನನ್ನೂ ಹೆಮ್ಮಾಡಿಯಿಂದ ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ದೊಡ್ಡಮ್ಮನದು ಒಂದೇ ರಾಗ: "ಗ್ಯಾರೇಜಿಗೆ ಹೋಪುಕ್ ಮುಂಚೆಯೇ ಲಾಯ್ಕಿತ್ತಲೆ, ಮಗಾ!"

ಗುಡಿಯ ಹತ್ತಿರ ಕಾರನ್ನು ಇಳಿಜಾರಿನಲ್ಲೇ, ಹೊಳೆಗೆ ಮುಖವಾಗಿ ನಿಲ್ಲಿಸಬೇಕಾಯಿತು. ಮಂಡಿನೋವಿನ ದೊಡ್ಡಮ್ಮ ಹಿಂದಿನ ಸೀಟಿನಲ್ಲೇ ಉಳಿದರು. ಅವರಿಗೆ ಸೆಕೆಯಾಗಬಾರದೆಂದು ಎ.ಸಿ.ಗಾಗಿ ಇಂಜಿನ್ ಆರಿಸದೆ, ನ್ಯೂಟ್ರಲ್‌ನಲ್ಲಿ ಬಿಟ್ಟೆ. ಮೆಕ್ಯಾನಿಕ್ ಹೇಳಿದ್ದಂತೆ ಹ್ಯಾಂಡ್‌ಬ್ರೇಕ್ ಎಳೆಯದೆ, ಮುಂದಿನ ಚಕ್ರಕ್ಕೆ ಒಂದು ಮುರಕಲ್ಲಿನ ತುಂಡು ಕೊಟ್ಟು, ದೀಪ ಹಚ್ಚಲು ಮೆಟ್ಟಿಲ ಕಡೆ ಬಂದೆ.

ಕಾಯಿ ರಾಘವನ ಕೈಯಲ್ಲಿತ್ತು. ಕಾಯಿ ಒಡೆಯುವ ಕಲ್ಲು ಮಳೆಗಾಲದಲ್ಲಿ ಮಣ್ಣಿನಡಿ ಹೂತುಹೋಗಿತ್ತು. ಅವನು ಅತ್ತಿತ್ತ ಹುಡುಕಿದ.

"ಹ್ವಾಯ್ ಭಾವ, ಕಲ್ಲ್ ಸಿಕ್ತ್!"

ತಿರುಗಿ ನೋಡಿದರೆ ಅವನು ಚಕ್ರದ ಕೆಳಗಿನ ಕಲ್ಲನ್ನೇ ಒದ್ದು ಬಿಡಿಸಿ ಕೈಯಲ್ಲಿ ಹಿಡಿದಿದ್ದ. ಹ್ಯಾಂಡ್‌ಬ್ರೇಕ್ ಎಳೆದಿರುತ್ತದೆ ಎಂದು ಅವನ ಲೆಕ್ಕ.

ಕಾರು ಹೊರಟಿತು. ಮೊದಲು ನಿಧಾನವಾಗಿ, ಆಮೇಲೆ ನಾವು ಓಡಿದರೂ ಸಿಗದಷ್ಟು ವೇಗವಾಗಿ. ಕೆಳಗೆ ಕಡಲು ಉಬ್ಬಿ ಭರತದ ನೀರು ದಾರಿಯ ಕೊನೆಯವರೆಗೂ ಏರಿತ್ತು.

ಆಗ ಹಿಂಬದಿಯ ಕೆಂಪು ದೀಪಗಳು ಹತ್ತಿದವು. ಎರಡು ಬದಿಯವೂ, ಗಾಜಿನ ಮೇಲಿನ ಮೂರನೆಯದೂ. ಬಿಸಿಲು ಎದುರಿನಿಂದ ಬರುತ್ತಿತ್ತು, ಕಾರಿನ ಹಿಂಭಾಗ ನೆರಳಿನಲ್ಲಿತ್ತು. ಹಾಗಾಗಿ ಅದು ಬಿಸಿಲಿನ ಹೊಳಪಲ್ಲ. ಮೂತಿ ಸ್ವಲ್ಪ ಬಾಗಿ, ಪಳಗಿದವರು ನಿಲ್ಲಿಸಿದ ಹಾಗೆ ಕಾರು ನಿಂತಿತು. ನೀರು ಅಲ್ಲಿಂದ ಒಂದು ಮಾರಿನಷ್ಟು ದೂರ.

ನಾನು ಓಡಿಹೋಗಿ ಚಾಲಕನ ಬಾಗಿಲು ತೆಗೆದೆ. ಸೀಟು ಖಾಲಿ. ತೆಗೆದ ಕೂಡಲೇ ಕಾರು ಮತ್ತೆ ಒಂದು ಗೇಣು ಮುಂದೆ ಸರಿಯಿತು. ಕೆಂಪು ದೀಪ ಆರಿದ್ದೂ ಅದೇ ಗಳಿಗೆಯಲ್ಲಿ ಎಂದು ಹಿಂದೆ ನಿಂತಿದ್ದ ರಾಘವ ಹೇಳುತ್ತಾನೆ. ನಾನು ಒಳಗೆ ಬಾಗಿ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಎಳೆದೆ.

ದೊಡ್ಡಮ್ಮ ಕಣ್ಣು ಮುಚ್ಚಿ ಒರಗಿದ್ದರು. ನಾನೇ ಕಾರು ಬಿಡುತ್ತಿದ್ದೇನೆಂದು ತಿಳಿದಿದ್ದರು.

"ಈಗ ಲಾಯ್ಕ್ ಹಿಡಿತ್ ಕಾಣ್," ಎಂದರು, ಕಣ್ಣು ತೆರೆಯದೆ.

ಮರುದಿನ ಮೆಕ್ಯಾನಿಕ್ ಎಲ್ಲವನ್ನೂ ಬಿಚ್ಚಿ ನೋಡಿದ. ಪೈಪಿನಲ್ಲಿ ಗಾಳಿ ಉಳಿದಿತ್ತು, ತೆಗೆದ. ಹೊಸ ಲೈನರ್ ತಾನಾಗಿ ಕಚ್ಚಿಕೊಂಡು ಕಾರು ನಿಂತಿರಬಹುದು ಎಂದ. ಅದನ್ನು ಒಪ್ಪುತ್ತೇನೆ. ಆದರೆ ಪೆಡಲ್ ಕೆಳಗಿಳಿಯದೆ ಬ್ರೇಕಿನ ದೀಪ ಹತ್ತುವುದಿಲ್ಲ. ಅದರ ಸ್ವಿಚ್ಚನ್ನು ನನ್ನೆದುರೇ ಮತ್ತೆ ಮತ್ತೆ ಪರೀಕ್ಷಿಸಿದೆವು, ದೋಷವಿರಲಿಲ್ಲ. "ಹಾಂಗಾರೆ ನಂಗೊತ್ತಿಲ್ಲೆ" ಎಂದು ಅವನು ಕೈ ಒರೆಸಿಕೊಂಡ. ನನಗೂ ಗೊತ್ತಿಲ್ಲ. ಕಾರು ಈಗ ಚೆನ್ನಾಗಿದೆ. ಅದರಲ್ಲೇ ಬೈಂದೂರಿನವರೆಗೆ ಓಡಾಡುತ್ತೇನೆ, ಭಯವಿಲ್ಲ. ಹೇಳಬೇಕೆಂದರೆ, ಮೊದಲಿಗಿಂತ ನೆಮ್ಮದಿಯಾಗಿಯೇ ಇದ್ದೇನೆ.

ಕಂಡವರು ಇನ್ನೂ ಇದ್ದಾರೆ. ರಾಘವ ಹೆಮ್ಮಾಡಿಯಲ್ಲಿದ್ದಾನೆ, ಯಾರು ಕೇಳಿದರೂ ಹೇಳುತ್ತಾನೆ. ಇನ್ನೊಬ್ಬಳು ಹೊಳೆಬದಿಯ ಗಿರಿಜೆ. ಆಗ ಅವಳು ಸೊಂಟದವರೆಗಿನ ನೀರಿನಲ್ಲಿ ಬಲೆ ಬಿಡಿಸುತ್ತಾ, ಕಾರಿಗೆ ನೇರ ಎದುರಾಗಿದ್ದಳು. ಎದುರಿನ ಗಾಜು ಬಿಸಿಲಿಗೆ ಉರಿಯುತ್ತಿತ್ತಂತೆ, ಒಳಗೆ ಏನೂ ಕಾಣಲಿಲ್ಲವಂತೆ. "ಗಾಡಿ ಬಂದದ್ ಕಂಡೆ, ನಿಂತದ್ ಕಂಡೆ," ಎನ್ನುತ್ತಾಳೆ. "ನಿಮ್ಗ್ ಬೈಯೂಕ್ ಅಂದೇಳಿ ಬಾಯಿ ತೆಗ್ದಿದ್ದೆ. ನೀವ್ ಕಂಡ್ರೆ ಹಿಂದಿಂದ ಓಡಿ ಬತ್ತಾ ಇದ್ರಿ."