ಲೂಕನ ಪ್ರಮಾಣಕ್ಕೆ ಹೋಗಿ ಬಂದದ್ದು

ಮಂಗಳೂರಿನಿಂದ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟೆ. ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಮೂಡಬಿದ್ರೆಗೆ ಸುಮಾರು ಇಪ್ಪತ್ತೆರಡು ಮೈಲು, ಟಿಕೇಟು ಮುಕ್ಕಾಲು ರೂಪಾಯಿ. ಜನವರಿಯ ಚಳಿ. ಗುರುಪುರದ ಹೊಳೆಯ ಮೇಲೆ ಮಂಜು ಎಷ್ಟಿತ್ತೆಂದರೆ ಡ್ರೈವರು ಸೇತುವೆಯ ಮೇಲೆ ಹಾರ್ನ್ ಬಾರಿಸುತ್ತಲೇ ಹೋದ.

ನಾನು ಹೋದದ್ದು ನೋಟ ನೋಡಲಿಕ್ಕಲ್ಲ. ವೇಣೂರಿನಾಚೆ ಒಂದು ಹಳ್ಳಿಯಲ್ಲಿ ನಮ್ಮ ಸಭೆಗೆ ಸೇರಿದ ಒಂದೇ ಒಂದು ಕ್ರೈಸ್ತ ಮನೆ ಇತ್ತು, ಲೂಕನದು. ಅವನು ಗೇಣಿಗೆ ಗದ್ದೆ ಮಾಡಿಕೊಂಡಿದ್ದ. ಊರವರು ಸೇರಿ ತೋಡಿಗೆ ಅಡ್ಡ ಹಾಕಿದ್ದ ಮಣ್ಣಿನ ಕಟ್ಟವನ್ನು ಅವನು ಕಡಿದು, ಕೆಳಗಿನ ತನ್ನ ಗದ್ದೆಗೆ ನೀರು ಬಿಟ್ಟುಕೊಂಡನೆಂದು ನೆರೆಯ ದೂಮಣ್ಣ ದೂರು ಹೇಳಿದ್ದ. ತಾನಲ್ಲವೆಂದು ಲೂಕ. ಹಾಗಾದರೆ ಊರು ಕಾಯುವ ದೈವದ ಎದುರು ಪ್ರಮಾಣ ಮಾಡಲಿ ಎಂದು ಊರವರು. ಮಾಡದಿದ್ದರೆ ಕಟ್ಟದ ನೀರಿನಲ್ಲಿ ಅವನಿಗೆ ಪಾಲಿಲ್ಲ, ಬೇಸಗೆಯ ಕೊಳಕೆ ಬೆಳೆ ಒಣಗುತ್ತದೆ. ಮಾಡಿದರೆ ನಮ್ಮ ಸಭೆ ಅವನನ್ನು ಕರ್ತನ ಭೋಜನದಿಂದ, ಎಂದರೆ ದೇವಾಲಯದಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದಿಂದ, ಹೊರಗಿಡುತ್ತದೆ. ಪ್ರಮಾಣ ಮಾಡದಂತೆ ಬುದ್ಧಿ ಹೇಳಿ ಬರಲು ಸಭೆಯ ಹಿರಿಯನಾದ ನನ್ನನ್ನು ಕಳುಹಿಸಿದ್ದರು. ನಾನು ಶಾಲಾ ಮಾಸ್ತರ. ಬುದ್ಧಿ ಹೇಳುವುದು ನನ್ನ ಕಸುಬು.

ಮೂಡಬಿದ್ರೆಯಲ್ಲಿ ಮುಂದಿನ ಬಸ್ಸಿಗೆ ಒಂದೂವರೆ ಗಂಟೆ ಇತ್ತು. ಬಸದಿಯ ಕಲ್ಲುಕಂಬಗಳನ್ನು ಹೊರಗಿನಿಂದಲೇ ನೋಡಿ, ಹೋಟೆಲಿನಲ್ಲಿ ಕಡ್ಲೆ ಅವಲಕ್ಕಿ ತಿಂದೆ. ಹಣದ ಗಲ್ಲೆಯ ಬಳಿ ಕೂತಿದ್ದ ಭಟ್ಟರು ಮಗನ ಜ್ವರ ಬಿಟ್ಟದ್ದಕ್ಕೆ ಅಂದು ದೇವಸ್ಥಾನಕ್ಕೆ ಹರಕೆ ಒಪ್ಪಿಸಿ ಬಂದಿದ್ದರು. ನಾನು ಸುಮ್ಮನಿರಬಹುದಿತ್ತು. ಆದರೆ ಬಾಯಿ ತುರಿಸಿತು. ನಮ್ಮಲ್ಲಿ ಹರಕೆಯಿಲ್ಲ, ನಾವು ಕೇಳುವ ಮೊದಲೇ ದೇವರು ತನ್ನ ಮಗನನ್ನೇ ಕೊಟ್ಟುಬಿಟ್ಟಿದ್ದಾನೆ, ಅವನಿಗೆ ಪ್ರತಿಯಾಗಿ ಕೊಡಬೇಕಾದದ್ದು ಏನೂ ಇಲ್ಲ ಎಂದೆ.

“ಹಾಗಾದ್ರೆ ನಿಮ್ಮ ಲೆಕ್ಕ ಮುಗಿಯುವುದು ಯಾವಾಗ?” ಎಂದು ಭಟ್ಟರು ಕೇಳಿದರು. “ನಾನು ಹೇಳಿಕೊಂಡೆ, ಗುಣ ಆಯ್ತು, ಒಪ್ಪಿಸಿದೆ. ಇವತ್ತು ಮಧ್ಯಾಹ್ನ ಆರಾಮದಲ್ಲಿ ಮಲಗ್ತೇನೆ.”

ನಮ್ಮದು ಮುಗಿಯುವಂಥದ್ದಲ್ಲ ಎಂದೆ. ಅವರು ಪಾಪ ಎನ್ನುವಂತೆ ನನ್ನನ್ನು ನೋಡಿ ಇನ್ನೊಂದು ಲೋಟ ಕಾಫಿ ತರಿಸಿದರು.

ವೇಣೂರಿಗೆ ತಲುಪಿದಾಗ ಬಿಸಿಲು ಏರಿತ್ತು. ಅಲ್ಲಿಂದ ಮೂರು ಮೈಲು ಗದ್ದೆ ಹುಣಿಯ ಮೇಲೆ ನಡಿಗೆ. ಲೂಕ ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಅವನ ಹೆಂಡತಿ ಬಿಸಿ ಗಂಜಿ, ಒಣಮೀನಿನ ಚಟ್ನಿ ಬಡಿಸಿದಳು. ಉಂಡ ಮೇಲೆ ಅವನು ನನ್ನನ್ನು ಕಟ್ಟದ ಬಳಿಗೆ ಕರೆದುಕೊಂಡು ಹೋದ. ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

“ಏಡಿ ಕೊರೆದದ್ದು ಮಾಸ್ಟ್ರೇ. ನೋಡಿ, ಎಷ್ಟು ಬಿಲ ಉಂಟು!”

ಬಿಲಗಳಿದ್ದದ್ದು ನಿಜ. ಆದರೆ ಒಡೆದ ಜಾಗದ ಒಂದು ಬದಿ ಹಾರೆಯಿಂದ ಕಡಿದಂತೆ ನೇರವಾಗಿಯೂ ಇತ್ತು. ಏಡಿಗೆ ಅಷ್ಟು ನೇರವಾಗಿ ಕೊರೆಯಲು ಬರುತ್ತದೆಯೇ ಎಂದು ನಾನು ಯೋಚಿಸಿದೆ. ಕೇಳಲಿಲ್ಲ.

ಸಂಜೆ ಜಗಲಿಯಲ್ಲಿ ಕೂತು ನನ್ನ ಪಾಠ ಒಪ್ಪಿಸಿದೆ. ಊರವರಲ್ಲಿ ಸತ್ಯವನ್ನು ಹೊರಡಿಸಲು ದೈವದ ಭಯ ಬೇಕು. ಸುಳ್ಳಾಡಿದರೆ ಹಾವು ಕಚ್ಚೀತು, ಕರು ಸತ್ತೀತು ಎಂಬ ಹೆದರಿಕೆ. ನಮ್ಮ ಕರ್ತನು ಪ್ರಮಾಣವೇ ಬೇಡವೆಂದ. ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಎಂದರೆ ಸಾಕು. ಮಕ್ಕಳಂತೆ ನಂಬುವವರಿಗೆ ಹೆದರಿಕೆ ಏಕೆ? ಲೂಕ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದ.

“ಸರಿ ಮಾಸ್ಟ್ರೇ. ನಾಳೆ ಪ್ರಮಾಣ ಮಾಡುದಿಲ್ಲ,” ಎಂದ. “ಇಲ್ಲ ಅಂತ ಹೇಳ್ತೇನೆ, ಅಷ್ಟೇ. ನೀವೂ ಇರ್ತೀರಲ್ವಾ?”

ಇರುತ್ತೇನೆಂದೆ. ಬಂದ ಕೆಲಸ ಇಷ್ಟು ಸಲೀಸಾಗಿ ಆಯಿತಲ್ಲ ಎಂದು ಒಳಗೊಳಗೇ ಉಬ್ಬಿದೆ.

ಮರುದಿನ ಎಂಟು ಗಂಟೆಗೆ ದೈವಸ್ಥಾನದ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಹಂಚಿನ ಸಣ್ಣ ಗುಡಿ, ಮೂರು ಮೆಟ್ಟಿಲು, ಒಳಗೆ ಒಂದು ದೀಪ. ಊರಿನ ಗುತ್ತಿನ ಮನೆಯ ಯಜಮಾನರಾದ ಶೆಟ್ಟರು ಮರದ ಕುರ್ಚಿಯಲ್ಲಿ ಕೂತಿದ್ದರು. ನನಗೂ ಒಂದು ಕುರ್ಚಿ ಹಾಕಿಸಿದರು. ದೂಮಣ್ಣ ಅಂಥ ಜಗಳಗಂಟನ ಹಾಗೆ ಕಾಣಲಿಲ್ಲ. ತನ್ನ ಗದ್ದೆಯಲ್ಲಿ ಒಣಗಿದ ನೇಜಿಯ, ಭತ್ತದ ಸಸಿಯ, ಒಂದು ಹಿಡಿಯನ್ನು ಶೆಟ್ಟರ ಕಾಲ ಬಳಿ ಇಟ್ಟು ಪಕ್ಕಕ್ಕೆ ನಿಂತ.

ಲೂಕ ತಾನು ಕಟ್ಟ ಕಡಿಯಲಿಲ್ಲವೆಂದೂ ಪ್ರಮಾಣ ತಮ್ಮಲ್ಲಿ ಇಲ್ಲವೆಂದೂ ಹೇಳಿದ. ಜನ ಗುಸುಗುಸು ಎಂದರು. ಶೆಟ್ಟರು ಕೈಯೆತ್ತಿ ಸುಮ್ಮನಾಗಿಸಿದರು.

“ನಿಮ್ಮವರು ಪ್ರಮಾಣ ಮಾಡುದಿಲ್ಲ ಅಂತ ನನಗೆ ಗೊತ್ತುಂಟು,” ಎಂದು ನನ್ನತ್ತ ತಿರುಗಿದರು. “ಬೇಡ, ಒತ್ತಾಯ ಇಲ್ಲ. ನೀವು ಓದಿದವರು, ಇವನ ಸಭೆಯ ಹಿರಿಯರು. ನೀವು ಹೇಳಿ ಮಾಸ್ಟ್ರೇ, ಇವನು ಇಲ್ಲ ಅಂದದ್ದು ಸತ್ಯವಾ? ನಿಮ್ಮ ಒಂದು ಮಾತು ಸಾಕು ನಮಗೆ. ಇಲ್ಲಿಗೇ ಬಿಡುವ.”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಹಿಂದಿನ ದಿನ ಕಂಡ ಆ ನೇರ ಕಡಿತ ಕಣ್ಣಮುಂದೆ ಬಂತು.

“ನಾನು ಕಣ್ಣಾರೆ ಕಂಡವನಲ್ಲ. ಆದರೆ ಇವನು ಸುಳ್ಳಾಡುವವನಲ್ಲ ಎಂದು ಭಾವಿಸುತ್ತೇನೆ.”

“ಭಾವಿಸುದು ನಾವೂ ಭಾವಿಸ್ತೇವೆ,” ಎಂದರು ಶೆಟ್ಟರು. ಗಡಸು ದನಿಯೇನೂ ಅಲ್ಲ. “ಹೌದಾ, ಅಲ್ವಾ, ಅದನ್ನು ಹೇಳಿ.”

ನಾನು ಶೆಟ್ಟರ ಕಾಲ ಬಳಿಯ ನೇಜಿಯನ್ನು ನೋಡುತ್ತ ಕೂತೆ. ಲೂಕ ನನ್ನನ್ನೇ ನೋಡುತ್ತಿದ್ದ. ಆಮೇಲೆ ಹೆಗಲ ಬೈರಾಸು ತೆಗೆದು ಸೊಂಟಕ್ಕೆ ಸುತ್ತಿ, ಗುಡಿಯ ಮುಂದೆ ಹೋಗಿ, ಕೆಳಗಿನ ಮೆಟ್ಟಿಲ ಮೇಲೆ ಬಲಗೈ ಇಟ್ಟ. ಕಟ್ಟ ಕಡಿದವನು ನಾನಾದರೆ ದೈವವೇ ನನ್ನನ್ನು ವಿಚಾರಿಸಿಕೊಳ್ಳಲಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಪೂಜಾರಿ ಬಾಳೆಲೆ ಚೂರಿನಲ್ಲಿ ಗಂಧ ಕೊಟ್ಟರು. ತೆಗೆದುಕೊಂಡ.

ಬೆಳ್ತಂಗಡಿಯ ಬಸ್ಸು ಹನ್ನೊಂದಕ್ಕೆ. ರಸ್ತೆಯವರೆಗೆ ನನ್ನ ಚೀಲ ಹೊತ್ತು ತಂದವನು ದೂಮಣ್ಣ. ಲೂಕ ಸ್ವಲ್ಪ ಹಿಂದೆ ಬರುತ್ತಿದ್ದ. ಈಗ ನಿನಗೆ ಅವನ ಮೇಲೆ ಸಂಶಯವಿಲ್ಲವೋ ಎಂದು ದೂಮಣ್ಣನನ್ನು ಮೆಲ್ಲಗೆ ಕೇಳಿದೆ.

“ಎಂತ ಸಂಶಯ ಮಾಸ್ಟ್ರೇ? ಅವನು ಪ್ರಮಾಣ ಮಾಡಿ ಆಯ್ತಲ್ಲ. ಇನ್ನು ನಾನು ಸಂಶಯ ಇಟ್ಟುಕೊಂಡ್ರೆ ದೋಷ ನನಗೆ.” ಹಿಂದೆ ತಿರುಗಿ ಕೂಗಿದ, “ಏ ಲೂಕ, ಮಧ್ಯಾಹ್ನ ಹಾರೆ ತಾ ಮಾರಾಯ, ಕಟ್ಟ ಸರಿ ಮಾಡುವ!”

ಬಸ್ಸು ಬಂದಾಗ, ಸಭೆಗೆ ನಾನು ಏನು ಹೇಳಲಿ ಎಂದು ಲೂಕನನ್ನು ಕೇಳಿದೆ.

“ಕಂಡದ್ದನ್ನು ಹೇಳಿ. ಇದನ್ನು ನೀವು ಕಣ್ಣಾರೆ ಕಂಡಿದ್ದೀರಲ್ವಾ.”

ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿದೆ. ಬಂಟ್ವಾಳದವರೆಗೆ ಕಿಟಕಿಯ ಪಕ್ಕ ಕೂತು, ಆ ದೈವದ ಎದುರಿನ ಮಾತಿಗೆ ಹೇಳುವವನಷ್ಟೇ ಕೇಳುವವನೂ ಬದ್ಧನಾಗುತ್ತಾನೆ ಎಂಬುದನ್ನು ಯೋಚಿಸಿದೆ. ಇಷ್ಟು ವರ್ಷ ನಾನು ಅದನ್ನು ಬರೀ ಹೆದರಿಕೆ ಎಂದು ಕಲಿಸಿದ್ದೆ. ನಮ್ಮ ‘ಹೌದು’ ಅದಕ್ಕಿಂತ ದೊಡ್ಡದೆಂದು ಈಗಲೂ ನಂಬುತ್ತೇನೆ. ಆದರೆ ಅದನ್ನು ನಂಬುವ ಒಬ್ಬನಾದರೂ ಎದುರಿಗೆ ಇರಬೇಕು. ಆ ಅಂಗಳದಲ್ಲಿ ಅಂಥವನು ನಾನಾಗಬೇಕಾಗಿತ್ತು. ನಾಚಿಕೆಯಾಯಿತು. ಪಾಣೆಮಂಗಳೂರಿನ ಸೇತುವೆ ಕಂಡಾಗ, ಲೂಕ ಹೇಳಿದ್ದು ಸತ್ಯವೆಂದು ಸಭೆಯ ಮುಂದೆ ಹೇಳಲೇಬೇಕೆಂದು ತೀರ್ಮಾನಿಸಿದೆ.

ಆದಿತ್ಯವಾರ ಆರಾಧನೆಯ ನಂತರ ಹಿರಿಯರು ಕೂಡಿದರು. ಲೂಕ ಪ್ರಮಾಣ ಮಾಡಿದನೇ ಎಂದು ನಮ್ಮ ಪಾದ್ರಿ ಅಯ್ಯನವರು ಕೇಳಿದರು. ಹೌದು ಎಂದೆ. ಗಂಧ ತೆಗೆದುಕೊಂಡನೇ? ಹೌದು. ಅವನನ್ನು ಒಂದು ವರ್ಷ ಭೋಜನದಿಂದ ದೂರವಿಡುವುದೆಂದು ತೀರ್ಮಾನವಾಯಿತು. ಕಟ್ಟವನ್ನು ಅವನು ಕಡಿದಿದ್ದನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.